ಶೆಲ್ಫಿನ ಮೇಲಿನ ಸ್ಪೀಕರು

ಮೊಮ್ಮಗಳಿಗೆ ಕಿವಿ ಕೇಳಿಸುತ್ತದೋ ಇಲ್ಲವೋ ಎಂಬ ಭಯ ನಮ್ಮ ಮಾವಳ್ಳಿ ಮನೆಯನ್ನು ಹಿಡಿದುಕೊಂಡಿದ್ದ ದಿನಗಳು ಅವು. ಬಾಯಿಬಿಟ್ಟು ಯಾರೂ ಹೇಳುತ್ತಿರಲಿಲ್ಲ. ನಮ್ಮ ಯಜಮಾನರು ತೀರಿಕೊಂಡ ಮೇಲೆ ಅವರ ಟೇಪ್‌ರೆಕಾರ್ಡರಿನ ಸ್ಪೀಕರೂ ಸುಮ್ಮನಾಗಿತ್ತು. ಇಲಿ ವೈರು ಕಡಿದಿತ್ತು. ಮಗುವಿಗೆ ಹಾಡು ಹಾಕಿ ನೋಡೋಣವೆಂದು ಅದನ್ನು ಸರಿಮಾಡಲು ಕೂತೆ.

"ತಟ್ಟೆ ಬಡಿದ್ರೂ ತಿರುಗಿ ನೋಡ್ಲಿಲ್ಲ. ಬಿಡಿ ಅತ್ತೆ, ಇದೊಂದು ಬಾಕಿ ಇತ್ತು," ಎಂದಳು ಸೊಸೆ.

"ನೀನು ಹೋಗಿ ಹುಳಿಗೆ ಒಗ್ಗರಣೆ ಹಾಕಮ್ಮ," ಎಂದೆ.

ಯಜಮಾನರು ಮಾಡುತ್ತಿದ್ದ ಹಾಗೆಯೇ ಹಲ್ಲಿನಿಂದ ವೈರು ಸುಲಿದು, ತಾಮ್ರದ ಎಳೆಗಳನ್ನು ಹೊಸೆದು ಸೇರಿಸಿ, ಟೇಪು ಸುತ್ತಿದೆ. ಸರಿಹೋಯಿತೇ ಎಂದು ನೋಡಲು ಗಡಿಯಾರದ ಸೆಲ್ಲನ್ನು ವೈರಿನ ತುದಿಗಳಿಗೆ ಮುಟ್ಟಿಸಿದೆ. ಮಗುವಿನ ಬೆನ್ನ ಹಿಂದೆ, ಶೆಲ್ಫಿನ ಮೇಲಿದ್ದ ಸ್ಪೀಕರು 'ಟಕ್' ಎಂದಿತು.

ಮಗು ಥಟ್ಟನೆ ತಿರುಗಿತು. ಇನ್ನೊಮ್ಮೆ ಮುಟ್ಟಿಸಿದೆ, ಮತ್ತೆ ತಿರುಗಿತು. ಸೊಸೆ ಸೌಟು ಹಿಡಿದೇ ಓಡಿಬಂದು ಅಳತೊಡಗಿದಳು. ನನಗೋ ಎದೆಯಲ್ಲಿ ಹಿಡಿಸಲಾರದಷ್ಟು ಸಂತೋಷ; ಈಗ ಬರೆಯುವಾಗಲೂ ಉಕ್ಕಿ ಬರುತ್ತದೆ. ಆದರೆ ಮಗು ಸ್ಪೀಕರನ್ನು ನೋಡುತ್ತಿರಲಿಲ್ಲ. ಶೆಲ್ಫಿನ ಕೆಳಗೆ, ಯಜಮಾನರು ಹಾಡು ಕೇಳುತ್ತ ಕೂರುತ್ತಿದ್ದ ಖಾಲಿ ಕುರ್ಚಿಯ ಕಡೆಗೆ ಎರಡೂ ಕೈ ಚಾಚಿ, ಎತ್ತಿಕೊಳ್ಳಿ ಎನ್ನುವ ಹಾಗೆ ನಗುತ್ತಿತ್ತು.