ಐರಿಶ್ ಅತ್ತೆಯ ಮುಂದೆ ನನ್ನ ಬ್ರೆಡ್

ಎಪ್ಪತ್ತರ ದಶಕದ ಆರಂಭ. ಹೈಡೆಲ್‌ಬರ್ಗ್‌ನಲ್ಲಿ ನಮ್ಮ ಎದುರುಮನೆಯಲ್ಲಿದ್ದವಳು ಐರ್ಲೆಂಡಿನ ಹಳ್ಳಿಯ ಹುಡುಗಿ. ಅವಳ ಗಂಡನೂ ನನ್ನ ಗಂಡನೂ ಒಂದೇ ಪ್ರಯೋಗಾಲಯದಲ್ಲಿದ್ದರು. ಊರು ತುಂಬ ಬೇಕರಿ ಇದ್ದರೂ ಅವಳಿಗೆ ದಿನಾ ಮನೆಯಲ್ಲೇ ಬ್ರೆಡ್ ಆಗಬೇಕು. ಹಿಟ್ಟು, ಉಪ್ಪು, ಅಡುಗೆ ಸೋಡಾ, ಮಜ್ಜಿಗೆ, ಅಷ್ಟೇ! ಮಜ್ಜಿಗೆ ಅಂದಮೇಲೆ ನಾನು ಬಿಟ್ಟೇನೆಯೇ? ಅಲ್ಲಿಂದಲೇ ನಮ್ಮ ಸ್ನೇಹ.

ಒಂದು ಚಳಿಗಾಲ ಅವಳು ಹಿಮದಲ್ಲಿ ಜಾರಿಬಿದ್ದು ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡಳು. ಅದೇ ವಾರ ಊರಿನಿಂದ ಅತ್ತೆ ಬರುವವರಿದ್ದರು. ಮದುವೆಗೂ ಬಾರದಿದ್ದ ಅತ್ತೆ!

"ಬ್ರೆಡ್ ಇಲ್ಲದ ಮನೆಗೆ ಅವರು ಕಾಲಿಟ್ರೆ ನನ್ನ ಕತೆ ಮುಗೀತು. ಮಗ ಎಂಥವಳನ್ನ ಕಟ್ಕೊಂಡ ಅಂತಾರೆ" ಎಂದು ಅಳುವುದಕ್ಕೇ ಶುರುಮಾಡಿದಳು.

"ಅಳಬೇಡ ಕಣೇ, ನನ್ನ ಕೈ ಇಲ್ವಾ?" ಅಂದೆ. ಚಪಾತಿ ಮಾಡುವುದರಲ್ಲಿ ನಮ್ಮ ಮನೆತನಕ್ಕೇ ಹೆಸರು.

ಅಳತೆ ಹೇಳಿ ಅವಳು ಗಂಡನ ಜೊತೆ ಸ್ಟೇಷನ್ನಿಗೆ ಹೋದಳು. ನಾದಬೇಡ ಎಂದು ಹೇಳಬೇಕೆಂದು ಅವಳಿಗೆ ಹೊಳೆಯಲೇ ಇಲ್ಲ. ಅವರ ಊರಿನಲ್ಲಿ ಅದು ಮಕ್ಕಳಿಗೂ ಗೊತ್ತು. ನಾನೋ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೈ ಬೆವರುವವರೆಗೆ ನಾದಿದೆ. ಹಾಗೆ ನಾದಿದರಲ್ಲವೇ ಚಪಾತಿ ಮೆತ್ತಗಾಗುವುದು! ಆಮೇಲೆ ಅವಳು ಮಾಡುತ್ತಿದ್ದಂತೆಯೇ ಮೇಲೆ ಚಾಕುವಿನಿಂದ ಶಿಲುಬೆಯ ಗೀಟು ಎಳೆದು ಓವನ್ನಿಗಿಟ್ಟೆ. ಆ ಗೀಟು ಬ್ರೆಡ್ಡಿನೊಳಗಿರುವ ಯಕ್ಷಿಣಿಯರು ಹೊರಗೆ ಹೋಗಲಿ ಅಂತಂತೆ, ಅವರ ಊರಿನ ನಂಬಿಕೆ. ಪಾಪ, ನನ್ನ ಬ್ರೆಡ್ಡಿನಿಂದ ಯಾವ ಯಕ್ಷಿಣಿಗೂ ಬಿಡುಗಡೆ ಇರಲಿಲ್ಲ.

ಅತ್ತೆ ಬಂದವರು ಕೋಟನ್ನೂ ಬಿಚ್ಚದೆ ಬ್ರೆಡ್ ಎತ್ತಿಕೊಂಡರು. ತಲೆಕೆಳಗು ಮಾಡಿ, ತಳ ತಟ್ಟಿ ಕಿವಿಗೊಟ್ಟರು, ನಾವು ಸಂತೆಯಲ್ಲಿ ತೆಂಗಿನಕಾಯಿ ನೋಡುವ ಹಾಗೆ. ಟೊಳ್ಳು ಸದ್ದು ಬಂದರೆ ಬೆಂದಿದೆ ಎಂದರ್ಥ. ಇದು ಕಲ್ಲಿನ ಹಾಗೆ ಕಟ್ ಎಂದಿತು. ಗೆಳತಿಯ ಮುಖ ಬಿಳಿಚಿಕೊಂಡಿತು. ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಎನಿಸಿತು.

"ನಾದಿದ್ದು ಯಾರು?"

"ನಾನೇ" ಅಂದೆ. "ಅವಳದೇನೂ ತಪ್ಪಿಲ್ಲ."

"ಇದನ್ನ ನಾದಬಾರದಮ್ಮ, ನಾದಿದ್ರೆ ಕಲ್ಲಾಗುತ್ತೆ. ಮುಟ್ಟಿದ ಹಾಗೆ ಮಾಡಿ ಬಿಟ್ಬಿಡಬೇಕು." ಆಮೇಲೆ ಸೊಸೆಯ ಕಡೆ ತಿರುಗಿದರು. "ನಾನು ಮದುವೆಯಾಗಿ ಬಂದು ಮಾಡಿದ ಮೊದಲ ಬ್ರೆಡ್ಡನ್ನ ಕೋಳಿಗಳೂ ಮೂಸಲಿಲ್ಲ. ನಮ್ಮತ್ತೆ ಸಾಯೋವರೆಗೂ ಅದನ್ನೇ ಆಡಿಕೊಂಡ್ರು. ನಾನು ಆಡಿಕೊಳ್ಳಲ್ಲ."

ಕೋಟು ಬಿಚ್ಚಿ, ತೋಳು ಮಡಿಸಿ, ಕೈ ತೊಳೆದುಕೊಂಡರು.

"ಹಿಟ್ಟು ಎಲ್ಲಿಟ್ಟಿದ್ದೀಯಾ, ಮಗಳೇ?"

ಗೆಳತಿ ಪ್ಲಾಸ್ಟರ್ ಕೈಯಲ್ಲೇ ಕಣ್ಣೊರೆಸಿಕೊಳ್ಳುತ್ತ ನಿಂತಿದ್ದಳು. ಹಿಟ್ಟಿನ ಡಬ್ಬಿ ನಾನೇ ತಂದುಕೊಟ್ಟೆ.