ಎದುರಿಗೆ ಬರಬಾರದೆಂದು ಒಳಗೇ ಉಳಿದ ದಿನ

ದೊಡ್ಡವನೇ, ಪುಟ್ಟಿ, ನೀವು ಕನ್ನಡ ಓದುವುದು ನಿಧಾನ ಎಂದು ಗೊತ್ತು. ಆದರೂ ಓದಿ. ಬಾಯಲ್ಲಿ ಹೇಳಲು ನನಗೆ ನಾಚಿಕೆ.

ನಮ್ಮ ಬೀದಿಯ ಬಾವಿಯ ನೀರು ಈಗ ಹುಳಿ ವಾಸನೆ ಹೊಡೆಯುತ್ತದೆ. ಮೊದಲು ಹೀಗಿರಲಿಲ್ಲ. ಮೇಲ್ಗಡೆ ಮರಗೆಣಸು ಅರೆದು ಸಬ್ಬಕ್ಕಿ ಮಾಡುವ ಮಿಲ್ಲು ಬಂದಾಗ, ಅದರ ಕೊಳೆನೀರನ್ನು ಬಾವಿಯ ಪಕ್ಕದ ಕಾಲುವೆಗೆ ಬಿಡಲು ಪಂಚಾಯಿತಿ ಒಪ್ಪಬೇಕಿತ್ತು. ಅದೇ ಸಮಯಕ್ಕೆ ಓಟು ಬಂತು. ವಾರ್ಡ್ ಮೆಂಬರ್ ಜಾಗಕ್ಕೆ ಇಬ್ಬರು ನಿಂತರು. ಒಬ್ಬ ಮಿಲ್ಲಿನ ಲಾರಿ ಓಡಿಸುವವನು. ಇನ್ನೊಬ್ಬಳು ಪಕ್ಕದ ಮನೆಯ ಸೊಸೆ, ಕೊಳೆನೀರು ಬಿಡಬಾರದು ಎಂದೇ ನಿಂತವಳು. ನನ್ನನ್ನು ಅತ್ತೆ ಎಂದು ಕರೆಯುತ್ತಾಳೆ.

ಓಟಿನ ಹಿಂದಿನ ಸಂಜೆ ಅವಳು ಬಂದು, "ಅತ್ತೆ, ಬೆಳಿಗ್ಗೇನೇ ಬಂದ್ಬುಡು. ಕುರಿ ಹಿಂದೆ ಓದ್ರೆ ಕಾಲಿಡ್ಕೊಂಡು ಎಳ್ಕೊಂಡು ಬತ್ತೀನಿ," ಎಂದು ನಕ್ಕಳು.

ಆಗ ನಿಮ್ಮ ತಾತ ತೀರಿಕೊಂಡು ಮೂರು ತಿಂಗಳು. ಒಳ್ಳೆಯ ಕೆಲಸಕ್ಕೆ ಹೊರಟವರ ಎದುರಿಗೆ ನನ್ನಂಥವಳು ಬರಬಾರದು ಎಂಬುದು ನಮ್ಮಲ್ಲಿ ರೂಢಿ. ಬೆಳಿಗ್ಗೆ ಓಟಿನ ಚೀಟಿಯನ್ನು ಸೆರಗಿಗೆ ಗಂಟು ಹಾಕಿಕೊಂಡು ಬಾಗಿಲಿಗೆ ಬಂದೆ. ಓಟು ಹಾಕುವ ಶಾಲೆಯ ತಿರುವಿನಲ್ಲಿ, ಹುಣಸೆಮರದ ಕೆಳಗೆ, ಅವಳು ಎಲ್ಲರಿಗೂ ಕೈ ಮುಗಿಯುತ್ತ ನಿಂತಿದ್ದಳು. ಬೇರೆ ದಾರಿ ಇರಲಿಲ್ಲ. ನನ್ನಿಂದ ಅವಳಿಗೆ ಕೆಡುಕಾಗದಿರಲಿ ಎಂದು ಒಳಗೆ ಬಂದು ಚಿಲಕ ಹಾಕಿಕೊಂಡೆ. ಎರಡು ಸಲ ಯಾರೋ ಬಾಗಿಲು ತಟ್ಟಿದರು. ಓಗೊಡಲಿಲ್ಲ.

ಎಣಿಸಿದಾಗ ಇಬ್ಬರಿಗೂ ಸಮ ಸಮ. ಇಬ್ಬರ ಹೆಸರೂ ಬರೆದು ಚೀಟಿ ಎತ್ತಿದರು. ಅವನ ಹೆಸರು ಬಂತು.

ಅವಳು ಬಂದು ನಮ್ಮ ಜಗಲಿಯ ಮೇಲೆ ಕೂತಳು.

"ಯಾಕತ್ತೆ ಬರ್ಲಿಲ್ಲ?"

"ನಿನ್ನೆದುರಿಗೆ ಬರಬಾರ್ದು ಅಂತ ಕಣವ್ವ. ನಿಂಗೆ ಒಳ್ಳೇದಾಗ್ಲಿ ಅಂತ."

ಅವಳು ಬಾವಿಯತ್ತ ಕೈ ತೋರಿಸಿದಳು. "ದಿನಾ ಬಾವಿ ತಾವ ನಿನ್ನ ಮೊಕ ನೋಡ್ಕೊಂಡೇ ನೀರು ಸೇದ್ತೀನಲ್ಲ. ನಂಗೇನಾಗೈತೆ?"

ನಾನು ಒಳಗೆ ಹೋಗಿ ಓಟಿನ ಚೀಟಿಯನ್ನು ಟ್ರಂಕಿಗೆ ಹಾಕಿದೆ.

ಆ ತಿಂಗಳೇ ಕಾಲುವೆಗೆ ಪೈಪು ಬಂತು. ಮೊದಲು ಕಪ್ಪೆಗಳ ಸದ್ದು ನಿಂತಿತು. ಆಮೇಲೆ ಗಬ್ಬದ ಕುರಿಯೊಂದು ನೀರಿನವರೆಗೆ ಮೂತಿ ತಂದು ಹಿಂದೆ ಸರಿಯಿತು. ಈಗ ಬಿಂದಿಗೆಯನ್ನು ಎಷ್ಟು ಉಜ್ಜಿದರೂ ಲೋಳೆ ಹೋಗುವುದಿಲ್ಲ. ನಿನ್ನೆ ಎರಡನೆಯ ಪೈಪಿಗೆ ಅಗೆಯುತ್ತಿದ್ದರು. ಅದು ಹೋಗುವುದು ನಿಮ್ಮ ಶಾಲೆಯ ಹಿಂದೆ, ನೀವು ನೀರು ಕುಡಿಯುವ ಕೈಪಂಪಿನ ಪಕ್ಕಕ್ಕೆ.

ದೊಡ್ಡವನೇ, ಮುಂದಿನ ಓಟಿಗೆ ನಿನಗೆ ಹದಿನೆಂಟು ತುಂಬಿರುತ್ತದೆ. ನಾನು ಇರುತ್ತೇನೋ ಇಲ್ಲವೋ. ಇದ್ದರೆ ನಿನ್ನ ಮುಂದೆಯೇ ನಡೆಯುತ್ತೇನೆ, ಯಾರು ಎದುರಿಗೆ ಬಂದರೂ ಸರಿ. ಆ ದಿನದ ಓಟಿನ ಚೀಟಿ ಇನ್ನೂ ಟ್ರಂಕಿನಲ್ಲಿದೆ. ಈ ಹಾಳೆಗಳನ್ನೂ ಅದರ ಜೊತೆಗೇ ಇಡಿ. ನೀರು ತಾಗದ ಹಾಗೆ ನೋಡಿಕೊಳ್ಳಿ.