ಅಕ್ಕನ ಬದಲಿಗೆ ಬಂದ ಗರಗಸ

ಮಕ್ಕಳೇ, ನಾನು ಇನ್ನೂ ಚಿಕ್ಕವನಿದ್ದಾಗ, ಮುದ್ದೇಬಿಹಾಳದ ನಮ್ಮ ಮನೆಯಲ್ಲಿ ಮೂವರೇ ಇದ್ದೆವು: ಅಪ್ಪ, ಅಕ್ಕ, ನಾನು. ಅಪ್ಪ ಬಡಿಗ. ಬೇವಿನ ದಿಮ್ಮಿಯನ್ನು ಅಂಗಳದಲ್ಲಿ ಎತ್ತರಕ್ಕೆ ಕಟ್ಟಿ, ಉದ್ದ ಗರಗಸವನ್ನು ಮೇಲೆ ನಿಂತು ಅಪ್ಪ ಹಿಡಿದರೆ, ಕೆಳಗೆ ನಿಂತು ಎಳೆಯುವವಳು ಅಕ್ಕ. ಕಹಿ ವಾಸನೆಯ ಹೊಟ್ಟು ಅವಳ ಜಡೆ, ರೆಪ್ಪೆಗಳ ಮೇಲೆಲ್ಲ ಕೂತಿರುತ್ತಿತ್ತು. ನನ್ನ ತಲೆ ಬಾಚುವವಳೂ, ಊಟಕ್ಕೆ ಕರೆಯುವವಳೂ ಅವಳೇ. ಅಪ್ಪ ತಾನಾಗಿ ಮಾತಾಡಿದರೆ ಅದೇ ಹಬ್ಬ.

ಅಕ್ಕನ ಮದುವೆ ಆಗಿತ್ತು. ಸಿಂದಗಿಯ ಗಂಡನ ಮನೆಗೆ ಕಳಿಸುವುದು ಬಾಕಿ. "ಮಷೀನ್ ಚಾಲೂ ಆಗ್ಲಿ, ಮರುದಿನಾನ ಕಳಸ್ತೇನ್ರಿ" ಎಂದು ಅಪ್ಪ ಬೀಗರಿಗೆ ಮಾತು ಕೊಟ್ಟಿದ್ದ. ಅವಳ ಬದಲಿಗೆ ವಿಜಾಪುರದಿಂದ ಹಳೆಯದೊಂದು ಪಟ್ಟಿ ಗರಗಸ ಬಂತು. ಆಳೆತ್ತರದ ಯಂತ್ರ, ಮೇಲೊಂದು ಗಾಲಿ, ಕೆಳಗೊಂದು ಗಾಲಿ, ಎರಡನ್ನೂ ಬಳಸಿ ಸುತ್ತುವ ಹಲ್ಲಿನ ಉಕ್ಕಿನ ಪಟ್ಟಿ.

ಆ ಬೆಳಿಗ್ಗೆ ಅಪ್ಪ ಅದನ್ನು ಪಡಸಾಲೆಯ ಕಲ್ಲಿಗೆ ಬಿಗಿದು, ಪಟ್ಟಿ ಏರಿಸಿ, ಊದುಬತ್ತಿ ಹಚ್ಚಿ, ಗುಂಡಿ ಒತ್ತಿದ. ಗಾಲಿಗಳು ಗುಂಯ್ ಎಂದವು. ಹಲಗೆ ಮುಟ್ಟಿಸಿದ್ದೇ ತಡ, ಅದು ಕೊಯ್ಯಿಸಿಕೊಳ್ಳದೆ ಮೇಲಕ್ಕೆ ಜಿಗಿಯಿತು. ಅಪ್ಪ ಎಣ್ಣೆ ಬಿಟ್ಟ, ಪಟ್ಟಿ ಇನ್ನಷ್ಟು ಬಿಗಿದ. ಮತ್ತೂ ಜಿಗಿಯಿತು. ಕಮರಿದ ಕಟ್ಟಿಗೆಯ ವಾಸನೆ ಮನೆ ತುಂಬಿತು. ಅಪ್ಪನ ಬೆರಳು ಹೋದೀತೆಂದು ನನಗೆ ಭಯ. ಮಷೀನು ಚಾಲೂ ಆದೀತೆಂದು ಅದಕ್ಕಿಂತ ಭಯ. ಎರಡು ಭಯಗಳನ್ನು ಒಟ್ಟಿಗೆ ಸಾಕುವುದರಲ್ಲಿ ನಾನು ಆಗಲೇ ಪಳಗಿದ್ದೆ. ಅಪ್ಪನ ಬೆರಳೂ ಉಳಿಯಲಿ, ಮಷೀನೂ ಕೆಟ್ಟಿರಲಿ ಎಂದು ದೇವರನ್ನು ಬೇಡಿಕೊಂಡೆ.

"ಡಬ್ಬಾ ಮಷೀನ್ ಕೊಟ್ಟಾರ" ಎಂದು ಅಪ್ಪ ಬೆವರು ಒರೆಸಿಕೊಂಡು ಮತ್ತೆ ಹಲಗೆ ಎತ್ತಿದ.

ಅಷ್ಟರಲ್ಲಿ ಅಕ್ಕ ರೊಟ್ಟಿಯ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. "ಯಪ್ಪಾ, ತಡಿ! ಹಲ್ಲು ಮ್ಯಾಲೆ ನೋಡಾಕತ್ತಾವಲ್ಲೋ. ಕೆಳಗ ನಿಂತವ್ರ ಕಡೆ ನೋಡಬೇಕು."

"ನಿನಗ್ಯಾರ್ ಹೇಳಿದ್ರವಾ?"

"ಇಷ್ಟ ದಿನ ನನ್ನ ಮಾರಿ ನೋಡ್ಕೋತನ ಕೊಯ್ದಾವು. ಮ್ಯಾಲೆ ನಿಂತಾವಗ ಏನ್ ಕಾಣತೈತಿ?"

ಸುರುಳಿ ಬಿಚ್ಚುವಾಗ ಪಟ್ಟಿ ಒಳಹೊರಗಾಗಿತ್ತು. ಗಾಲಿ ನಿಂತ ಮೇಲೆ ಅಕ್ಕ ಅದನ್ನು ಇಳಿಸಿ, ಅಂಗಿ ತಿರುವಿದಂತೆ ತಿರುವಿ ಕೊಟ್ಟಳು. ಈ ಸಲ ಹಲಗೆ ಸರ್ರನೆ ಎರಡಾಯಿತು. ಯಾರೂ ನಗಲಿಲ್ಲ.

"ಯಾಕ ಹೇಳಿದಿ?" ಎಂದು ನಾನು ಅವಳ ಸೆರಗು ಜಗ್ಗಿದೆ.

"ಅಪ್ಪನ ಬೆರಳು ಬ್ಯಾಡೇನೋ ಹುಚ್ಚಪ್ಪ?" ಎಂದು ನನ್ನ ಮೂಗಿಗೆ ಹಿಟ್ಟು ಹಚ್ಚಿ ಒಳಗೆ ಹೋದಳು.

ಮರುದಿನ ಬಸ್ಸು ಹತ್ತುವಾಗ ನನಗೊಂದು ಕೆಲಸ ವಹಿಸಿದಳು: ಸಂಜೆ ಪಟ್ಟಿ ಸಡಿಲಿಸಬೇಕು, ಗಾಲಿಗಂಟಿದ ಹೊಟ್ಟು ಒರೆಸಬೇಕು. ವರ್ಷಗಟ್ಟಲೆ ಮಾಡಿದೆ. ಸಡಿಲಿಸಿದೆನೋ ಇಲ್ಲವೋ ಎಂದು ಊಟಕ್ಕೆ ಕೂತವನು ಎದ್ದು ಹೋಗಿ ಮುಟ್ಟಿ ನೋಡುತ್ತಿದ್ದೆ. ಗಾಲಿ ನಿಂತ ಮೇಲೆ ಮನೆ ಬಹಳ ದೊಡ್ಡದೆನಿಸುತ್ತಿತ್ತು.

ಮಕ್ಕಳೇ, ನಿಮ್ಮಕ್ಕ ಹಾಸ್ಟೆಲಿನಲ್ಲಿದ್ದರೂ ದಿನಾ ಫೋನಿನಲ್ಲಿ ಮುಖ ತೋರಿಸುತ್ತಾಳೆ. ನನಗೆ ಸಿಂದಗಿಯ ಸುದ್ದಿ ಬೇಕೆಂದರೆ, ಆ ಕಡೆಯವರು ಯಾರಾದರೂ ಸಂತೆಗೆ ಬರಬೇಕಿತ್ತು. ಫೋನು ಕೆಟ್ಟರೆ ನೀವು ಮನೆ ತಲೆಕೆಳಗು ಮಾಡಿ ಅಳುತ್ತೀರಿ. ಆ ದಿನ ನಾನು ಅತ್ತದ್ದು, ಮಷೀನು ಸರಿಹೋಯಿತೆಂದು.